ಹಳೆಯ ಲಾ ಸ್ಕಾಲಾ ಜೋಡಿ: ಮೊದಲು ಕೆಪಾಸಿಟರ್ ಬದಲಿಸಲೇ, ಜಾಗ ಬದಲಿಸಲೇ?

ತಂಬೂರಿ ಮನೆ, ಮೈಸೂರು (ಭಾನುವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ಅಣ್ಣ ಅಮೆರಿಕದ ಮನೆ ಮಾರಿ ಊರಿಗೆ ಮರಳಿದಾಗ ಹಡಗಿನಲ್ಲಿ ಬಂದ ಸಾಮಾನಿನ ಜೊತೆ ಒಂದು ಜೋಡಿ ಕ್ಲಿಪ್ಶ್ ಲಾ ಸ್ಕಾಲಾ ಸ್ಪೀಕರುಗಳೂ ಬಂದವು. 1976ರಲ್ಲಿ ತಯಾರಾದವು. ಅವನ ಅಪಾರ್ಟ್‌ಮೆಂಟಿನಲ್ಲಿ ಜಾಗವಿಲ್ಲದೆ ನನ್ನ ಮನೆ ಸೇರಿವೆ. ಒಂದೊಂದೂ ಐವತ್ತು ಕಿಲೋ ಮೀರಿ ತೂಗುತ್ತದೆ. ಹೊತ್ತು ತಂದವರಲ್ಲಿ ಒಬ್ಬರು ಹೊಸ್ತಿಲಿನ ಬಳಿ ನಿಂತು, ‘ಒಳಗೆ ರಾಗಿ ತುಂಬಿದ್ದೀರಾ?’ ಎಂದು ಕೇಳಿದರು.

ನಮ್ಮ ಹಜಾರ 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಆರ್‌ಸಿಸಿ ಚಾವಣಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಒಂದು ಕಡೆ ಗಾಜಿನ ಷೋಕೇಸ್. ಉದ್ದನೆಯ ಗೋಡೆಗೆ ಟಿವಿ, ಅದರ ಎರಡೂ ಪಕ್ಕ ಸ್ಪೀಕರುಗಳು, ಎರಡರ ಮುಖವೂ ನೇರಕ್ಕೆ. ಎದುರು ಗೋಡೆಗೆ ಒರಗಿಸಿದ ಸೋಫಾ.

ತೊಂದರೆಗಳು ಮೂರು. ವಯೊಲಿನ್ ಮತ್ತು ತಾರಸ್ಥಾಯಿಯ ಕಂಠ ಕಿವಿಗೆ ಚುಚ್ಚುತ್ತದೆ. ತಗ್ಗಿನ ಸ್ವರ ನುಡಿಸುವ ವೂಫರ್ ಹದಿನೈದು ಅಂಗುಲದ್ದಿದ್ದೂ ಮೃದಂಗದ ಎಡಭಾಗದ ಗುಮ್ಮೆನ್ನುವ ನಾದಕ್ಕೆ ಮೈಯೇ ಇಲ್ಲ. ಇನ್ನು ‘ಸ’ಕಾರ, ‘ಶ’ಕಾರಗಳು ಗಾಯಕರ ಬಾಯಿಂದ ಬಾರದೆ ಪಕ್ಕದಿಂದೆಲ್ಲೋ ಬರುತ್ತವೆ. ರೇಡಿಯೊ ವಾರ್ತೆ ಕೇಳಿದ ಅಮ್ಮ, ‘ಬಿಂದಿಗೆಯೊಳಗೆ ಬಾಯಿಟ್ಟು ಓದುತ್ತಿದ್ದಾನೆ’ ಎಂದರು. ಅವರ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ರಿಪೇರಿ ಮಾಡುವವರೊಬ್ಬರು ಕೆಪಾಸಿಟರ್, ಡಯಾಫ್ರಂ (ಸದ್ದು ಹುಟ್ಟಿಸಲು ಕಂಪಿಸುವ ಪೊರೆ), ಟ್ವೀಟರ್ (ಎತ್ತರದ ಸ್ವರ ನುಡಿಸುವ ಭಾಗ) ಎಲ್ಲವನ್ನೂ ಬದಲಿಸಬೇಕು ಎನ್ನುತ್ತಾರೆ. ನನ್ನ ಬಳಿ ಇರುವುದು ನಲವತ್ತು ಸಾವಿರ ರೂಪಾಯಿ. ಎಲ್ಲಿಂದ ಆರಂಭಿಸಲಿ?

ಎಸ್.ಪಿ. ರಸ್ತೆ ಗಿರಾಕಿ, ಬೆಂಗಳೂರು

ಹಣವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದರಿಂದ.

ನ್ಯೂಜೆರ್ಸಿ ಮೂಲೆ

ಗಿರಾಕಿಯವರ ಮಾತು ಒರಟಾದರೂ ಸರಿ. ನಾನು ಇಪ್ಪತ್ತು ವರ್ಷದಿಂದ ನೆಲಮಾಳಿಗೆಯಲ್ಲಿ ಕ್ಲಿಪ್ಶ್‌ಹಾರ್ನ್ ಇಟ್ಟುಕೊಂಡಿದ್ದೇನೆ, ಅಂದರೆ ನಿಮ್ಮ ಲಾ ಸ್ಕಾಲಾದ ದೊಡ್ಡಪ್ಪನನ್ನು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಈ ಪೆಟ್ಟಿಗೆಗಳಲ್ಲಿ ಸದ್ದು ಹೊರಬರುವುದು ಹಾರ್ನ್ ಎಂಬ ಅಗಲ ಬಾಯಿಯ ಕೊಳವೆಯಿಂದ. ಹಾರ್ನ್ ಎಷ್ಟು ತಗ್ಗಿನ ಸ್ವರದವರೆಗೆ ಕೆಲಸ ಮಾಡುತ್ತದೆ ಎಂಬುದನ್ನು ಅದರ ಬಾಯಿಯ ಅಳತೆ ತೀರ್ಮಾನಿಸುತ್ತದೆ. ಬಾಯಿಯ ಸುತ್ತಳತೆ ಆ ಸ್ವರದ ತರಂಗಾಂತರದಷ್ಟಾದರೂ ಇರಬೇಕು. 50 ಹರ್ಟ್ಜ್‌ನ (ಸೆಕೆಂಡಿಗೆ 50 ಕಂಪನದ) ತರಂಗಾಂತರ 6.9 ಮೀಟರ್. ಲೆಕ್ಕ ಹಾಕಿದರೆ ಬಯಲಿನಲ್ಲಿ ತೂಗುಹಾಕಿದ ಹಾರ್ನಿಗೆ ಸುಮಾರು 3.8 ಚದರ ಮೀಟರಿನ ಬಾಯಿ ಬೇಕಾಗುತ್ತದೆ. ನಿಮ್ಮ ಮನೆಯ ಮುಂಬಾಗಿಲಿಗಿಂತ ದೊಡ್ಡದು. ಅದೇ ಹಾರ್ನನ್ನು ನೆಲದ ಮೇಲಿಟ್ಟರೆ ಅರ್ಧ ಸಾಕು. ನೆಲದ ಜೊತೆ ಒಂದು ಗೋಡೆಯೂ ಸೇರಿದರೆ ಕಾಲು ಭಾಗ. ಎರಡು ಗೋಡೆ ಕೂಡುವ ಮೂಲೆಯಲ್ಲಾದರೆ ಎಂಟನೇ ಒಂದು ಪಾಲು, ಅಂದರೆ 0.47 ಚದರ ಮೀಟರ್. ಮೂಲೆ ಎಂಬುದು ಪುಕ್ಕಟೆಯಾಗಿ ಸಿಗುವ ಹಾರ್ನ್. ಅರ್ಕಾನ್ಸಾದ ಹೋಪ್ ಎಂಬ ಸಣ್ಣ ಊರಿನಲ್ಲಿ 1946ರಲ್ಲಿ ಕಂಪನಿ ಶುರುಮಾಡಿದ ಪಾಲ್ ಕ್ಲಿಪ್ಶ್ ಹಿಡಿದದ್ದು ಇದೇ ಸೂತ್ರವನ್ನು. ಕ್ಲಿಪ್ಶ್‌ಹಾರ್ನಿನ ಮಡಚಿದ ಬಾಸ್ (ತಗ್ಗಿನ ಸ್ವರದ) ಹಾರ್ನ್ ಪೆಟ್ಟಿಗೆಯೊಳಗೆ ಮುಗಿಯುವುದೇ ಇಲ್ಲ. ಕೊನೆಯ ಭಾಗವನ್ನು ಮನೆಯ ಗೋಡೆಗಳೇ ಪೂರ್ತಿಮಾಡುತ್ತವೆ.

ಲಾ ಸ್ಕಾಲಾದ ಹುಟ್ಟು ಬೇರೆ. 1960ರ ದಶಕದ ಆರಂಭದಲ್ಲಿ ಅರ್ಕಾನ್ಸಾದ ಗವರ್ನರ್ ಹುದ್ದೆಗೆ ಸ್ಪರ್ಧಿಸಿದ ವಿನ್‌ಥ್ರಾಪ್ ರಾಕ್‌ಫೆಲ್ಲರ್ ಅವರ ಪ್ರಚಾರಕ್ಕಾಗಿ ಮಾಡಿದ ಪೆಟ್ಟಿಗೆ ಅದು. ನಮ್ಮಲ್ಲಿ ಚುನಾವಣೆ ಬಂದಾಗ ಆಟೋರಿಕ್ಷಾದ ತಲೆಗೆ ಹಾರ್ನ್ ಕಟ್ಟುವುದಿಲ್ಲವೇ, ಹಾಗೆ. ಎಲ್ಲಿಟ್ಟರೂ ಮಾತು ದೂರ ಹೋಗಬೇಕು ಎಂಬುದೇ ಗುರಿಯಾಗಿತ್ತು. ಆದ್ದರಿಂದ ಅದಕ್ಕೆ ಮೂಲೆ ಕಡ್ಡಾಯವಲ್ಲ, ಆದರೆ ಅದರ ಬಾಸ್ 50 ಹರ್ಟ್ಜ್ ಹೊತ್ತಿಗೆ ಕೈಬಿಡುತ್ತದೆ. ಬಾಸ್ ಬಾಯಿ ಮೇಲೆ ಹೇಳಿದ 0.47 ಚದರ ಮೀಟರಿಗಿಂತ ಸಾಕಷ್ಟು ಚಿಕ್ಕದು. ಮೂಲೆಗೆ ತಳ್ಳಿದರೆ ಕಳೆದುಹೋದ ಮೈ ಅಷ್ಟಿಷ್ಟು ಮರಳುತ್ತದೆ.

ಹೀಗೆ ಮಾಡಿ. ಟಿವಿ ಗೋಡೆಯನ್ನು ಮರೆತುಬಿಡಿ. 12 ಅಡಿಯ ಗೋಡೆಯ ಎರಡು ಮೂಲೆಗಳಿಗೆ ಪೆಟ್ಟಿಗೆಗಳನ್ನು ಸೇರಿಸಿ, ಎರಡನ್ನೂ 45 ಡಿಗ್ರಿ ಒಳಕ್ಕೆ ತಿರುಗಿಸಿ. ಎರಡರ ಮುಖರೇಖೆಗಳು ನೀವು ಕೂರುವ ಜಾಗಕ್ಕಿಂತ ಸ್ವಲ್ಪ ಮುಂದೆಯೇ ಒಂದನ್ನೊಂದು ದಾಟಲಿ. ಅತಿಯಾಯಿತು ಎನಿಸುತ್ತದೆ, ಆದರೆ ಅದಕ್ಕೆ ಎರಡು ಕಾರಣಗಳಿವೆ. ಮಧ್ಯದ ಸ್ವರಗಳ ಹಾರ್ನ್ ಅಡ್ಡಕ್ಕೆ ಸುಮಾರು 90 ಡಿಗ್ರಿಯಷ್ಟು ಹರಡುತ್ತದೆ. ಮೂಲೆಯೂ 90 ಡಿಗ್ರಿಯೇ. ಹೀಗಾಗಿ ಸದ್ದು ಪಕ್ಕದ ಗೋಡೆಯನ್ನು ಸವರಿಕೊಂಡು ಹೋಗುತ್ತದೆಯೇ ಹೊರತು ಅಪ್ಪಳಿಸುವುದಿಲ್ಲ. ನೇರಕ್ಕೆ ಇಟ್ಟಾಗ ನಿಮ್ಮ ಷೋಕೇಸಿನ ಗಾಜಿಗೆ ಬಡಿದು ಬರುವ ವಯೊಲಿನ್ನೇ ಕಿವಿಗೆ ಚುಚ್ಚುತ್ತಿರಬಹುದು. ಎರಡನೆಯದು, ನೀವು ಎಡಕ್ಕೆ ಸರಿದು ಕೂತರೆ ಎಡ ಪೆಟ್ಟಿಗೆಯ ನೇರದಿಂದ ತಪ್ಪಿಕೊಳ್ಳುತ್ತೀರಿ, ಬಲದ್ದರ ನೇರಕ್ಕೆ ಬರುತ್ತೀರಿ. ಹತ್ತಿರದ್ದು ಮೆತ್ತಗಾಗಿ ದೂರದ್ದು ಗಟ್ಟಿಯಾಗುವುದರಿಂದ ಗಾಯಕ ನಡುವೆಯೇ ನಿಲ್ಲುತ್ತಾನೆ. ಇಡೀ ಕುಟುಂಬ ಕುಳಿತು ಕೇಳುವ ಮನೆಗೆ ಇದು ದೊಡ್ಡ ಲಾಭ.

ಸೋಫಾ ಗೋಡೆಗೆ ಒರಗಬಾರದು. 15 ಅಡಿ ಉದ್ದದ ಕೋಣೆ 37 ಮತ್ತು 75 ಹರ್ಟ್ಜ್ ಆಸುಪಾಸಿನಲ್ಲಿ ಗುಂಯ್‌ಗುಡುತ್ತದೆ. 12 ಅಡಿಯ ಅಗಲ 47ರಲ್ಲಿ, 10 ಅಡಿಯ ಎತ್ತರ 56ರಲ್ಲಿ. ಗೋಡೆಯ ಬುಡದಲ್ಲಿ ಕೂತರೆ ಎದುರಿನಿಂದ ಬರುವ ಆ ಗುಂಯ್‌ಗಳೆಲ್ಲ ರಾಶಿಯಾಗಿ ಕಿವಿಗೆ ಬೀಳುತ್ತವೆ. ಕೋಣೆಯ ನಟ್ಟನಡುವೆ ಕೂತರೆ ಕೆಲವು ಪೂರ್ತಿ ಮಾಯ. ಹಿಂದಿನ ಗೋಡೆಯಿಂದ ಐದಡಿ ಮುಂದೆ ಬಂದು ಕುಳಿತು ನೋಡಿ.

ತಂಬೂರಿ ಮನೆ, ಮೈಸೂರು

ಒಂದು ಮೂಲೆಯಲ್ಲಿ ಬಾಗಿಲಿದೆ. ಎದುರು ಬದಿಯ 12 ಅಡಿಯ ಗೋಡೆಗೆ ಎರಡೂ ಮೂಲೆ ಖಾಲಿಯಾಗಬೇಕಾದರೆ ಷೋಕೇಸ್ ಸರಿಸಬೇಕು. ಅದರೊಳಗೆ ಮೂರು ತಲೆಮಾರಿನ ದಸರಾ ಗೊಂಬೆಗಳಿವೆ. ಅಮ್ಮನನ್ನು ಕೇಳಿ ಹೇಳುತ್ತೇನೆ.

ಹುಬ್ಬಳ್ಳಿ ವಾಲ್ವ್

ಆಂಪ್ಲಿಫೈಯರ್ ಯಾವುದು ಎಂದು ಯಾರೂ ಕೇಳಲಿಲ್ಲವಲ್ಲ!

ತಂಬೂರಿ ಮನೆ, ಮೈಸೂರು

ಹಳೆಯ ಹೋಮ್ ಥಿಯೇಟರ್ ರಿಸೀವರ್ ಸರ್, ಚಾನಲ್‌ಗೆ 100 ವಾಟ್. ಹಾಡು ನಿಂತಾಗ ಸುಯ್ ಎಂಬ ಸದ್ದು ಸೋಫಾದವರೆಗೂ ಕೇಳುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಹತ್ತಿದರೆ ಜೇನುಗೂಡು.

ಹುಬ್ಬಳ್ಳಿ ವಾಲ್ವ್

ಹೇಳಿದೆನಲ್ಲ. ಈ ಪೆಟ್ಟಿಗೆಯ ಸಂವೇದನಾಶೀಲತೆ ಸುಮಾರು 105 ಡೆಸಿಬೆಲ್: ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು. ಮೂರು ಮೀಟರ್ ದೂರದಲ್ಲಿ ಎರಡೂ ಸೇರಿ 98 ಎಂದಿಟ್ಟುಕೊಳ್ಳಿ. ನೀವು ಮನೆಯಲ್ಲಿ ಕೇಳುವುದು 78ರ ಸುತ್ತ. ವ್ಯತ್ಯಾಸ 20 ಡೆಸಿಬೆಲ್. ಅಂದರೆ ನೀವು ಬಳಸುತ್ತಿರುವುದು ಒಂದು ವಾಟಿನ ನೂರನೇ ಒಂದು ಪಾಲು! ತನಿ ಆವರ್ತನದಲ್ಲಿ ಮೃದಂಗದ ಪೆಟ್ಟು ಮೇಲೇರಿದಾಗ ಒಂದೆರಡು ವಾಟ್. ಉಳಿದ ತೊಂಬತ್ತೆಂಟು ವಾಟುಗಳು ನಿಮ್ಮ ಪಾಲಿಗೆ ಬರೀ ತೂಕ. ಸಾಮಾನ್ಯ 87 ಡೆಸಿಬೆಲ್ ಸ್ಪೀಕರಿನಲ್ಲಿ ಮುಚ್ಚಿಹೋಗುವ ಆಂಪ್ಲಿಫೈಯರಿನ ಸುಯ್ ಸದ್ದು ಇಲ್ಲಿ 18 ಡೆಸಿಬೆಲ್ ಗಟ್ಟಿಯಾಗಿ ಕೇಳುತ್ತದೆ.

2ಎ3 ಎಂಬ ವಾಲ್ವಿನ (ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ನಳಿಕೆ) ಮೂರೂವರೆ ವಾಟ್ ಆಂಪ್ಲಿಫೈಯರಿನಲ್ಲಿ ನನ್ನ ಹಾರ್ನುಗಳು ಹದಿನೈದು ವರ್ಷದಿಂದ ಹಾಡುತ್ತಿವೆ. ವಾಲ್ವೇ ಬೇಕೆಂದಿಲ್ಲ, ಗದ್ದಲವಿಲ್ಲದ ಹತ್ತು ವಾಟಿನ ಯಾವುದಾದರೂ ಸರಿ. (ವಾಲ್ವ್ ಆದರೆ ಇನ್ನೂ ಒಳ್ಳೆಯದು, ಅದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.)

ಇನ್ವರ್ಟರ್ ವಿಷಯ: ನಿಮ್ಮದು ಸ್ಕ್ವೇರ್ ವೇವ್ ಮಾದರಿಯಿರಬೇಕು. ಸೈನ್ ವೇವ್ ಮಾದರಿ ಕೊಳ್ಳುವ ತನಕ ಕರೆಂಟ್ ಹೋದಾಗ ಸಂಗೀತ ನಿಲ್ಲಿಸಿ ಕಾಫಿ ಕುಡಿಯಿರಿ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಪೂರ್ತಿ ತಿರುಗಿಸಿ ನೋಡಿ, ಗುಂಯ್ ಕಡಿಮೆಯಾದರೆ ಕಳ್ಳ ಅಲ್ಲೇ ಇದ್ದಾನೆ. ಎಲ್ಲ ಉಪಕರಣಗಳನ್ನೂ ಒಂದೇ ಸ್ವಿಚ್ ಬೋರ್ಡಿಗೆ ಹಾಕಿ. ಗುಂಯ್ ತಪ್ಪಿಸಲು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಬುದ್ಧಿವಂತರಿದ್ದಾರೆ. ಅವರ ಮಾತು ಕೇಳಬೇಡಿ, ಶಾಕ್ ಹೊಡೆದು ಜೀವ ಹೋಗುತ್ತದೆ.

ಕರಾವಳಿ ಕಿವಿ, ಉಡುಪಿ

ಟಾರ್ಚ್ ಹಾಕಿ ಹಾರ್ನುಗಳ ಗಂಟಲು ನೋಡಿದಿರಾ? ನನ್ನ ಹಳೆಯ ಜೋಡಿಯಲ್ಲಿ ಒಂದು ಕಡೆ ಸದ್ದು ಮಂಕಾಗಿದೆಯೆಂದು ಡಯಾಫ್ರಂ ತರಿಸಲು ಹೊರಟಿದ್ದೆ. ನೋಡಿದರೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅಂಚೆ ಖರ್ಚು ಉಳಿಯಿತು.

ಎಸ್.ಪಿ. ರಸ್ತೆ ಗಿರಾಕಿ, ಬೆಂಗಳೂರು

ಕೆಪಾಸಿಟರ್ ಬಗ್ಗೆ ನನ್ನ ಪಾಲಿನ ಮಾತು. 1976ರ ಜೋಡಿಯೆಂದರೆ ಟೈಪ್ ಎಎ ಕ್ರಾಸ್ಓವರ್ (ಯಾವ ಸ್ವರ ಯಾವ ಭಾಗಕ್ಕೆ ಎಂದು ಹಂಚುವ ಸರ್ಕ್ಯೂಟ್) ಇರುವ ಸಾಧ್ಯತೆ ಹೆಚ್ಚು. ಮಧ್ಯದ ಹಾರ್ನಿಗೆ 13 ಮೈಕ್ರೋಫ್ಯಾರಡ್, ಟ್ವೀಟರಿಗೆ ಎರಡು 2 ಮೈಕ್ರೋಫ್ಯಾರಡ್, ಲೋಹದ ಡಬ್ಬಿಯಲ್ಲಿ ಎಣ್ಣೆ ತುಂಬಿದವು. ಐವತ್ತು ವರ್ಷವಾಯಿತು, ಒಳಗಿನ ರೋಧ ಏರಿರುತ್ತದೆ. ಅವುಗಳನ್ನು ಬದಲಿಸುವುದು ತಪ್ಪಲ್ಲ. ಆದರೆ ಸಾಧಾರಣ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಸಾಕು. ಬೆಳ್ಳಿ ಹಾಳೆ, ಜೇನುಮೇಣ ಎಂದೆಲ್ಲ ಹೇಳಿ ಒಂದೊಂದಕ್ಕೆ ಹತ್ತು ಸಾವಿರ ಕೇಳುವವರಿಗೆ ದೂರದಿಂದಲೇ ಕೈ ಮುಗಿಯಿರಿ.

ಹಳೆಯ ಡಬ್ಬಿಗಳನ್ನು ಕುತೂಹಲಕ್ಕೂ ಒಡೆಯಬೇಡಿ. ಅಮೆರಿಕದಲ್ಲಿ 1979ರಲ್ಲಿ ನಿಷೇಧವಾಗುವ ತನಕ ಇಂಥ ಡಬ್ಬಿಗಳಲ್ಲಿ ಪಿಸಿಬಿ ಎಂಬ ವಿಷದ ಎಣ್ಣೆ ಬಳಸುತ್ತಿದ್ದರು. ಸೋರಿದ್ದರೆ ಕೈಗವಸು ಹಾಕಿ ತೆಗೆದು, ಮುಚ್ಚಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಡಯಾಫ್ರಂ ಮುಟ್ಟಬೇಡಿ. ಮಧ್ಯದ ಹಾರ್ನಿಗೆ ಸದ್ದೂಡುವ ಕೆ-55-ವಿ ಡ್ರೈವರಿನದು ಫೀನಾಲಿಕ್ (ಗಟ್ಟಿ ರಾಳದ್ದು), ಚೆನ್ನಾಗಿ ಬಾಳುತ್ತದೆ.

ಇನ್ನು ಚುಚ್ಚುವ ಸಮಸ್ಯೆಗೆ ಕ್ರಾಸ್ಓವರಿನೊಳಗೇ ಒಂದು ಮದ್ದಿದೆ. ಸದ್ದನ್ನು ತಗ್ಗಿಸುವ ಆಟೋಟ್ರಾನ್ಸ್‌ಫಾರ್ಮರ್ ಎಂಬ ಸುರುಳಿಯಲ್ಲಿ ತಂತಿ ಸಿಕ್ಕಿಸುವ ಮೊಳೆಗಳ ಸಾಲಿದೆ. ಮಧ್ಯದ ಹಾರ್ನಿನ ತಂತಿಯನ್ನು ಒಂದು ಮೊಳೆ ಕೆಳಗೆ ಹಾಕಿದರೆ ಸದ್ದು 3 ಡೆಸಿಬೆಲ್ ತಗ್ಗುತ್ತದೆ. ಅನೇಕರು ಇಷ್ಟು ಮಾಡಿ ಖುಷಿಪಡುತ್ತಾರೆ ಮತ್ತು ಅಲ್ಲೇ ಎಡವುತ್ತಾರೆ. ಪ್ರತಿ 3 ಡೆಸಿಬೆಲ್ ಇಳಿಸಿದಾಗಲೂ ಕೆಪಾಸಿಟರಿಗೆ ಕಾಣುವ ರೋಧ ಇಮ್ಮಡಿಯಾಗುತ್ತದೆ. 16 ಓಮ್‌ನ ಡ್ರೈವರ್ ಮೊದಲ ಇಳಿಕೆಯಲ್ಲಿ 32 ಆಗಿ ಕಾಣುತ್ತದೆ. 13 ಮೈಕ್ರೋಫ್ಯಾರಡ್ ಜೊತೆ ಅದು ಸುಮಾರು 380 ಹರ್ಟ್ಜ್‌ಗಿಂತ ತಗ್ಗಿನ ಸ್ವರಗಳನ್ನು ಕಡಿಯುತ್ತದೆ, ಅದೇ ಮೂಲ ವಿನ್ಯಾಸ. ಇನ್ನೊಂದು ಮೊಳೆ ಇಳಿಸಿದರೆ 64 ಓಮ್, ಕಡಿತ 190ಕ್ಕೆ ಜಾರುತ್ತದೆ. ಆಗ ಆ ಪುಟ್ಟ ಹಾರ್ನಿನ ತಲೆಗೆ ವೂಫರಿನ ಕೆಲಸ ಕಟ್ಟಿದಂತಾಗುತ್ತದೆ, ಒರಟುತನ ಹೆಚ್ಚುತ್ತದೆ. ಮೊಳೆ ಇಳಿಸಿದರೆ ಕೆಪಾಸಿಟರನ್ನೂ ಅರ್ಧ ಮಾಡಿ; ಅಂಗಡಿಯಲ್ಲಿ ಸಿಗುವ 6.8 ಸಾಕು.

ನ್ಯೂಜೆರ್ಸಿ ಮೂಲೆ

ಒಪ್ಪಿದೆ. ಆದರೆ ಜಾಗ ಸರಿಮಾಡುವ ಮುನ್ನ ಅದನ್ನು ಮುಟ್ಟಬೇಡಿ. ಕೋಣೆಯ ತಪ್ಪಿಗೆ ಪೆಟ್ಟಿಗೆಗೆ ಶಿಕ್ಷೆ ಕೊಟ್ಟಂತಾಗುತ್ತದೆ.

ಎಸ್.ಪಿ. ರಸ್ತೆ ಗಿರಾಕಿ, ಬೆಂಗಳೂರು

ಮೂಲೆ ಮೂಲೆ ಎಂದು ಜಪ ಮಾಡುತ್ತಿದ್ದೀರಿ. ನಿಮ್ಮ ನೆಲಮಾಳಿಗೆಯ ಗೋಡೆ ಜಿಪ್ಸಂ ಹಲಗೆಯದು, ಒಂದಿಷ್ಟು ಬಾಸನ್ನು ನುಂಗುತ್ತದೆ. ನಮ್ಮಲ್ಲಿ ಇಟ್ಟಿಗೆ, ಸಿಮೆಂಟು, ಮೇಲೆ ಕಾಂಕ್ರೀಟು. ಇಲ್ಲಿ ಮೂಲೆಗೆ ತಳ್ಳಿದರೆ 47, 56 ಹರ್ಟ್ಜ್‌ಗಳು ಎದ್ದು ಕುಣಿಯುತ್ತವೆ.

ನ್ಯೂಜೆರ್ಸಿ ಮೂಲೆ

ನಿಜ, ಆ ವ್ಯತ್ಯಾಸ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೂ ಆ ಸ್ವರಗಳಲ್ಲೇ ಈ ಪೆಟ್ಟಿಗೆ ಬಡವಾಗುತ್ತಾ ಹೋಗುತ್ತದೆ. ಕುಣಿದರೂ ಎಷ್ಟು ಕುಣಿದಾವು? ಹೆಚ್ಚಾದರೆ ಗೋಡೆಯಿಂದ ಅರ್ಧ ಅಡಿ ಈಚೆಗೆ ಎಳೆದು ಅಳೆದು ನೋಡಲಿ. ಕಂಪ್ಯೂಟರಿನಲ್ಲಿ ಆರ್‌ಇಡಬ್ಲ್ಯು ಎಂಬ, ಸದ್ದು ಅಳೆಯುವ ಉಚಿತ ತಂತ್ರಾಂಶ ಮತ್ತು ಯುಎಸ್‌ಬಿ ಮೈಕ್ ಇದ್ದರೆ ಒಂದು ಮಧ್ಯಾಹ್ನದ ಕೆಲಸ.

ಬಾಚಿ, ಸಾಗರ

ನಾನು ಮರಗೆಲಸದವನು. ಆ ಕಾಲದ ಲಾ ಸ್ಕಾಲಾದ ಹಲಗೆ ಮುಕ್ಕಾಲು ಅಂಗುಲ, ನಂತರದ ಆವೃತ್ತಿಯಲ್ಲಿ ಒಂದು ಅಂಗುಲ. ಬಾಸ್ ಬಾಯಿಯ ಎರಡು ಪಾರ್ಶ್ವದ ಹಲಗೆಗಳಿಗೆ ಅಂಗೈ ಇಟ್ಟು ನೋಡಿ, ಜೋರಾಗಿ ನುಡಿಸಿದರೆ ನಡುಗುವುದು ಗೊತ್ತಾಗುತ್ತದೆ. ವೂಫರ್ ಕೂತಿರುವ ಒಳಗಿನ ಗೂಡಿಗೂ ಪಾರ್ಶ್ವದ ಹಲಗೆಗೂ ನಡುವೆ ಒಂದು ಮರದ ಪಟ್ಟಿ ಬಿಗಿಯಾಗಿ ಸಿಕ್ಕಿಸಬೇಕು. ಅಂಟು, ತಿರುಪು ಈಗಲೇ ಬೇಡ. ಕೇಳಿ ನೋಡಿ ಇಷ್ಟವಾದರೆ ಆಮೇಲೆ.

ತಂಬೂರಿ ಮನೆ, ಮೈಸೂರು (ಮೂರು ವಾರಗಳ ನಂತರ)

ತಡವಾಯಿತು, ಕ್ಷಮಿಸಿ. ಷೋಕೇಸ್ ಖಾಲಿ ಮಾಡುವುದಕ್ಕೇ ಒಂದು ವಾರ ಹಿಡಿಯಿತು. ಒಂದೊಂದು ಗೊಂಬೆಗೂ ಅಮ್ಮನ ಬಳಿ ಒಂದು ಕಥೆ ಇತ್ತು.

ಮೊದಲು ನಾಚಿಕೆಯ ವಿಷಯ. ಕರಾವಳಿ ಕಿವಿಯವರ ಮಾತಿನಂತೆ ಟಾರ್ಚ್ ಹಿಡಿದು ನೋಡಿದೆ. ಕಣಜ ಇರಲಿಲ್ಲ. ಆದರೆ ಬಲ ಪೆಟ್ಟಿಗೆಯ ಟ್ವೀಟರಿನ ಎರಡು ತಂತಿಗಳು ಅದಲುಬದಲಾಗಿದ್ದವು. ಹಿಂದೆಂದೋ ಯಾರೋ ಬಿಚ್ಚಿ ಕೂಡಿಸುವಾಗ ಆದ ಎಡವಟ್ಟು. ಒಂದು ಟ್ವೀಟರ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ಸರಿಮಾಡಿದ ಕೂಡಲೇ ‘ಸ’ಕಾರಗಳು ಗಾಯಕರ ಬಾಯಿಗೆ ಮರಳಿದವು. ಖರ್ಚು ಸೊನ್ನೆ.

ಬಿಂದಿಗೆಯ ಸದ್ದು ಹುಡುಕಲು ತಂಬೂರಿಯ ಧ್ವನಿಮುದ್ರಣ ಹಾಕಿದೆ. ಇದನ್ನು ಎಲ್ಲರಿಗೂ ಹೇಳಬೇಕೆನಿಸುತ್ತದೆ: ತಂಬೂರಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಜೀವಾಳ (ತಂತಿಯಡಿಯ ನೂಲು) ಸರಿಯಾಗಿ ಕೂತ ತಂತಿಯಿಂದ ಮೂಲ ಸ್ವರದ ಜೊತೆ ಹುಟ್ಟುವ ಒಂದೊಂದು ಅನುಸ್ವರವೂ ಮೆಟ್ಟಿಲಿಳಿದಂತೆ ಇಳಿಯಬೇಕು. ನನ್ನ ಪೆಟ್ಟಿಗೆಯಲ್ಲಿ ಒಂದು ಮೆಟ್ಟಿಲು ಮಾತ್ರ ಪ್ರತಿ ಸಲವೂ ಉಬ್ಬಿ ನಿಲ್ಲುತ್ತಿತ್ತು. ಮಧ್ಯದ ಹಾರ್ನನ್ನು ಹೊರತೆಗೆದು ಬೆರಳ ಗೆಣ್ಣಿನಿಂದ ತಟ್ಟಿದರೆ ದೇವರ ಮನೆಯ ಗಂಟೆಯಂತೆ ಅದೇ ಸ್ವರ! ಕೆ-400 ಎಂಬ ಆ ಹಾರ್ನ್ ಲೋಹದ್ದು. ಕಾರಿನ ಬಾಗಿಲೊಳಗೆ ಅಂಟಿಸುವ ಬ್ಯುಟೈಲ್ ಹಾಳೆಯನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಭಾವಮೈದುನ ತಂದುಕೊಟ್ಟ. ಹಾರ್ನಿನ ಹೊರಮೈಗೆ ಎರಡು ಪದರ ಸುತ್ತಿದೆ. ಈಗ ತಟ್ಟಿದರೆ ಕುಂಬಳಕಾಯಿಯಂತೆ ದೊಪ್ಪೆನ್ನುತ್ತದೆ. ಮರುದಿನ ವಾರ್ತೆ ಕೇಳಿದ ಅಮ್ಮ ಏನೂ ಹೇಳಲಿಲ್ಲ. ಅಂದರೆ ಸರಿಹೋಗಿದೆ.

ಮೂಲೆಯ ವಿಷಯದಲ್ಲಿ ನ್ಯೂಜೆರ್ಸಿಯವರದೂ ಗಿರಾಕಿಯವರದೂ ಸರಿ. ಪೂರ್ತಿ ಒಳಗೆ ತಳ್ಳಿದಾಗ ಮೃದಂಗದ ಎಡಕ್ಕೆ ಮೈ ಬಂತು, ಆದರೆ ಅಳೆದು ನೋಡಿದರೆ 56ರಲ್ಲಿ ಒಂದು ಗುಡ್ಡ. ಐದಂಗುಲ ಈಚೆಗೆ ಎಳೆದೆ, ಗುಡ್ಡ ದಿಬ್ಬವಾಯಿತು. ಅಲ್ಲಿಗೇ ನಿಲ್ಲಿಸಿದೆ. ನೆಲಕ್ಕೆ ಅತ್ತೆಯ ಮನೆಯಿಂದ ಬಂದ ನವಲಗುಂದದ ಜಮಖಾನ ಹಾಸಿದೆ.

ಆಮೇಲೆ ನಡೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಸಂಜೆ ತಂತಿ ಸುತ್ತಿಡಲು ಜಮಖಾನದ ಮೇಲೆ ಚಕ್ಕಳಮಕ್ಕಳ ಕೂತಿದ್ದೆ. ದೊರೆಸ್ವಾಮಿ ಅಯ್ಯಂಗಾರರ ವೀಣೆ ನಡೆಯುತ್ತಿತ್ತು. ಒಮ್ಮೆಗೇ ವೀಣೆ ಎದುರಿಗೆ ಬಂದು ಕೂತಿತು. ಸೋಫಾಕ್ಕೆ ಎದ್ದು ಹೋದೆ, ಮಸುಕು. ಮತ್ತೆ ನೆಲಕ್ಕೆ ಬಂದೆ, ಸ್ಪಷ್ಟ. ಟೇಪು ಹಿಡಿದು ಅಳೆದರೆ ಮಧ್ಯದ ಹಾರ್ನಿನ ನಡು ನೆಲದಿಂದ ಎರಡೂವರೆ ಅಡಿಗಿಂತ ತುಸು ಕೆಳಗಿದೆ. ನೆಲದಲ್ಲಿ ಕೂತಾಗ ನನ್ನ ಕಿವಿಯೂ ಹೆಚ್ಚುಕಡಿಮೆ ಅಲ್ಲೇ. ಸೋಫಾದ ಮೇಲೆ ಮುಕ್ಕಾಲು ಅಡಿ ಎತ್ತರವಾಗುತ್ತದೆ. ಅಮೆರಿಕದ ಚುನಾವಣಾ ಪೆಟ್ಟಿಗೆ ಕಛೇರಿಗೆ ಕೂತವರ ಕಿವಿಗೆ ಅಳತೆ ಮಾಡಿದಂತಿದೆ!

ಹುಬ್ಬಳ್ಳಿ ವಾಲ್ವ್

ಆಂಪ್ಲಿಫೈಯರ್?

ತಂಬೂರಿ ಮನೆ, ಮೈಸೂರು

ಮರೆತಿಲ್ಲ ಸರ್. ಗದ್ದಲವಿಲ್ಲದ ಪುಟ್ಟದೊಂದನ್ನು ಸ್ನೇಹಿತರಿಂದ ಎರವಲು ತಂದು ನೋಡಿದೆ, ಸುಯ್ ಮಾಯ. ನಲವತ್ತು ಸಾವಿರದಲ್ಲಿ ಇಲ್ಲಿಯವರೆಗೆ ಹಾಳೆಗೆ, ಮೈಕಿಗೆ ಹೋದದ್ದು ಬಿಟ್ಟರೆ ಉಳಿದದ್ದು ಹಾಗೇ ಇದೆ. ಮೊದಲು ಆಂಪ್ಲಿಫೈಯರ್, ಆಮೇಲೆ ಸಾಧಾರಣ ಕೆಪಾಸಿಟರ್. ಮೊಳೆ ಇಳಿಸುವ ಅಗತ್ಯ ಈಗ ಕಾಣುತ್ತಿಲ್ಲ.

ಯುವ ಕೇಳುಗ, ದಾವಣಗೆರೆ

ಸಬ್‌ವೂಫರ್ (ಅತಿ ತಗ್ಗಿನ ಸ್ವರಕ್ಕೇ ಮೀಸಲಾದ ಪೆಟ್ಟಿಗೆ) ಸೇರಿಸಿದರೆ ಮಂದ್ರ ಪೂರ್ತಿ ಬರುವುದಿಲ್ಲವೇ? ಸಿ ಶ್ರುತಿಯ ತಂಬೂರಿಯಲ್ಲಿ ಮಂದ್ರ ಷಡ್ಜವೇ 65 ಹರ್ಟ್ಜ್.

ನ್ಯೂಜೆರ್ಸಿ ಮೂಲೆ

65ರ ತನಕ ಈ ಪೆಟ್ಟಿಗೆಗೇ ಶಕ್ತಿಯಿದೆ, ಮೂಲೆಯೂ ಕೈಹಿಡಿಯುತ್ತದೆ. ಸಿನಿಮಾ ನೋಡುವವರಾದರೆ ಸೇರಿಸಿ. ಆದರೆ ಮಡಚಿದ ಹಾರ್ನಿನೊಳಗೆ ಸುತ್ತಿ ಬರುವ ಬಾಸ್ ಕೆಲವು ಮಿಲಿಸೆಕೆಂಡು ತಡವಾಗುತ್ತದೆ. ಸಬ್‌ವೂಫರಿಗೂ ಅಷ್ಟೇ ತಡ ಕೊಡಬೇಕು. ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಲೆಕ್ಕ. ಇಲ್ಲವಾದರೆ ಮೃದಂಗದ ಪೆಟ್ಟಿನ ಬಿಗಿ ಕದಡಿಹೋಗುತ್ತದೆ.

ತಂಬೂರಿ ಮನೆ, ಮೈಸೂರು

ಕೊನೆಯ ಪ್ರಶ್ನೆ, ಬಾಚಿಯವರಿಗೆ. ಅಮ್ಮನಿಗೆ ಮಂಡಿನೋವು, ನೆಲದಲ್ಲಿ ಕೂರಲಾಗದು. ಅವರು ಕುರ್ಚಿಯಲ್ಲೇ ಕೂತು ಕೇಳಬೇಕು. ಪೆಟ್ಟಿಗೆ ಎತ್ತರಿಸಲೇ?

ಬಾಚಿ, ಸಾಗರ

ಎತ್ತರಿಸಿದರೆ ಬಾಸ್ ಬಾಯಿ ನೆಲ ಬಿಡುತ್ತದೆ. ಮುಂಭಾಗವನ್ನು ಮಾತ್ರ ಎರಡು ಅಂಗುಲ ಎತ್ತಿ ಹಿಂದಕ್ಕೆ ವಾಲಿಸಿ. ಪೆಟ್ಟಿಗೆಯ ಆಳ ಎರಡು ಅಡಿಯಷ್ಟಿರುವುದರಿಂದ ಸುಮಾರು ಐದು ಡಿಗ್ರಿ ಓರೆಯಾಗುತ್ತದೆ. ಎಂಟು ಅಡಿ ದೂರದ ಕುರ್ಚಿಗೆ ಅಷ್ಟು ಸಾಕು. ಮುಂದೆ ಎರಡಂಗುಲ, ಹಿಂದೆ ಸೊನ್ನೆಯಾಗುವಂತೆ ಬೆಣೆಯಾಕಾರದ ಪೀಠವನ್ನೇ ಮಾಡಿಸಿ, ತಳದಲ್ಲಿ ಸಂದು ಉಳಿಯಬಾರದು. ಹಲಸು ಬೇಡ, ಅಷ್ಟು ದುಡ್ಡೇಕೆ? ಪ್ಲೈವುಡ್ ಸಾಕು. ಪೆಟ್ಟಿಗೆಯ ಅಗಲ ಅಳೆದು ಕಳಿಸಿ, ನಾನೇ ಕೊಯ್ದು ಬಸ್ಸಿಗೆ ಹಾಕುತ್ತೇನೆ.

ತಂಬೂರಿ ಮನೆ, ಮೈಸೂರು

23 ಮುಕ್ಕಾಲು ಅಂಗುಲ. ಎರಡು ಬೇಕು.